ಬಲತೊಡೆ, ಒಂದೂಮುಕ್ಕಾಲು ಇಂಚು ಹೆಚ್ಚು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮಾವನ ಬಲತೊಡೆ ಎಡತೊಡೆಗಿಂತ ಒಂದೂಮುಕ್ಕಾಲು ಇಂಚು ದಪ್ಪವಿತ್ತು.

ಸೊಸೆ ಎರಡನೇ ಸಲ ಟೇಪು ಸುತ್ತಿದಳು. ಅದೇ ಅಳತೆ. ಮೂರನೇ ಸಲ ಟೇಪನ್ನೇ ಬದಲಿಸಿದಳು. ಹಳೇ ಟೇಪು ಎಳೆದು ಎಳೆದು ಸುಳ್ಳು ಹೇಳಲು ಕಲಿಯುತ್ತದೆ ಎಂದು ಅವಳಿಗೆ ಹೇಳಿಕೊಟ್ಟವರೇ ಮಾವ. ಹೊಸ ಟೇಪೂ ಅದನ್ನೇ ಹೇಳಿತು.

“ಏನು ಮಾಸ್ಟರೇ, ಕಾಲು ಅಳೀತಿದೀರೋ, ಕಂಬಕ್ಕೆ ಹಗ್ಗ ಸುತ್ತುತಿದೀರೋ?” ಎಂದರು ಮಾವ. ಕತ್ತರಿಸುವ ಮೇಜಿಗೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದರು.

“ಸ್ವಲ್ಪ ಸುಮ್ನೆ ನಿಂತ್ಕೊಳ್ಳಿ ಮಾವ.”

“ನಿಂತೇ ಇದೀನಲ್ಲ. ಮೂರು ತಿಂಗಳ ಹಿಂದೆ ನಿಲ್ಲೋಕೂ ಆಗ್ತಿರ್ಲಿಲ್ಲ, ಮರೆತ್ಯಾ?”

ಮರೆತಿರಲಿಲ್ಲ. ಅಂಗಡಿಯ ಮೂರು ಮೆಟ್ಟಿಲು ಹತ್ತುವುದರೊಳಗೆ ಅವರಿಗೆ ಉಸಿರು ಹತ್ತುತ್ತಿತ್ತು. ಎರಡನೆಯದರ ಮೇಲೆ ಕೂತು, ಗಿರಾಕಿಗಳಿಗೆ ಕಾಣದ ಹಾಗೆ ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಆಡುತ್ತಿದ್ದರು. ಹೃದಯದ ಕವಾಟ ಸುಣ್ಣಗಟ್ಟಿತ್ತು. ಎದೆ ಸೀಳದೆ, ಬಲ ತೊಡೆಸಂದಿನ ರಕ್ತನಾಳದಲ್ಲಿ ತೂತು ಮಾಡಿ, ಅಲ್ಲಿಂದ ಕೊಳವೆ ಏರಿಸಿ ಹೊಸ ಕವಾಟ ಕೂರಿಸಿದರು. ಮೂರನೇ ದಿನ ಮನೆಗೆ ಬಂದರು. ಹತ್ತನೇ ದಿನ ಮೂರೂ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ, ಎದುರಿನ ಚಪ್ಪಲಿ ಅಂಗಡಿಯವನಿಗೆ ಕೈ ಬೀಸಿದರು.

ಇವತ್ತು ನಲವತ್ತೇಳನೇ ದಿನ.

ಸೊಸೆ ಟೇಪನ್ನು ಇನ್ನೊಂದು ಇಂಚು ಮೇಲಕ್ಕೆ, ಪ್ಯಾಂಟಿನ ಬಟ್ಟೆಯ ಮೇಲಿನಿಂದಲೇ ತೊಡೆಸಂದಿನ ಹತ್ತಿರಕ್ಕೆ ಒಯ್ದು ಹಿಡಿದಳು. ಟೇಪಿನ ಸಡಿಲ ತುದಿ ಅವಳ ಹೆಬ್ಬೆರಳಿನ ಪಕ್ಕದಲ್ಲಿ ಸಣ್ಣಗೆ ಹಾರಿತು. ನಿಂತಿತು. ಮತ್ತೆ ಹಾರಿತು. ಅವಳ ಕೈ ನಡುಗುತ್ತಿರಲಿಲ್ಲ.

“ಮಾವ, ಇಲ್ಲಿ ನೋವಿದ್ಯಾ?”

“ನೋವು ಅಂತಲ್ಲ. ಯಾರೋ ಒಳಗಡೆಯಿಂದ ಬಾಗಿಲು ಬಡಿದ ಹಾಗೆ.”

“ಯಾವಾಗಿಂದ?”

ಮಾವ ಚಹಾ ಗುಟುಕರಿಸಿದರು. “ಅದೇ, ಪ್ಯಾಂಟು ಬಿಗಿ ಅಂದ್ನಲ್ಲ, ಆವಾಗಿಂದ.”

ಸೊಸೆಯ ಕೈ ತಾನಾಗಿಯೇ ಅಳತೆ ಪುಸ್ತಕದ ಕಡೆ ಹೋಯಿತು.

ಆ ಪುಸ್ತಕಕ್ಕೆ ಅಂಗಡಿಯಷ್ಟೇ ವಯಸ್ಸು. ತುಂಬಿದ ಹಾಗೆಲ್ಲ ಹೊಸ ಹಾಳೆ ಸೇರಿಸಿ ಬೆನ್ನು ಹೊಲಿದು, ಈಗ ಇಟ್ಟಿಗೆಯಷ್ಟು ದಪ್ಪವಾಗಿತ್ತು. ಯಾರ ಅಳತೆಯನ್ನು ಯಾವ ದಿನ ತೆಗೆದದ್ದು, ಯಾವ ಬಟ್ಟೆಯನ್ನು ಎಷ್ಟು ಸಡಿಲಿಸಿದ್ದು, ಯಾಕೆ ಎಂಬುದೆಲ್ಲ ಅದರಲ್ಲಿತ್ತು. ಮಾವನ ಕಟ್ಟುನಿಟ್ಟಿನ ನಿಯಮ ಒಂದಿತ್ತು. ಹೊಲಿದ ಬಟ್ಟೆ ತಿರುಗಿ ಬಂದರೆ, ತಪ್ಪು ಅಂಗಡಿಯದಾಗಿದ್ದರೆ, ಆ ಸಾಲಿನ ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ‘ನಮ್ಮದು’ ಎಂದು ಬರೆಯಬೇಕು. ವಾರಕ್ಕೆ ಬಂದರೂ ಅಷ್ಟೆ, ಏಳು ವರ್ಷಕ್ಕೆ ಬಂದರೂ ಅಷ್ಟೆ. ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲು ಬಾರದಿದ್ದ ಸೊಸೆ ಮೊದಲ ವರ್ಷವೇ ಅಂಥ ಎರಡು ಪೆನ್ಸಿಲು ಸವೆಸಿದ್ದಳು. ಈಗ ಕತ್ತರಿ ಅವಳ ಕೈಯಲ್ಲಿತ್ತು. ಕಣ್ಣು ಮಂಜಾದ ಮಾವ ಗುಂಡಿ ಹಚ್ಚುತ್ತಿದ್ದರು, ಅಂಚು ಮಡಿಚುತ್ತಿದ್ದರು, ಸೊಸೆಯನ್ನು ಮಾಸ್ಟರ್ ಎನ್ನುತ್ತಿದ್ದರು. ಅದರಲ್ಲಿ ಅರ್ಧ ತಮಾಷೆ, ಅರ್ಧ ಅಲ್ಲ.

ಮಾವನ ಹೆಸರಿನ ಹಾಳೆಯಲ್ಲಿ ಅವಳದೇ ಕೈಬರಹ. ಆಪರೇಷನ್ನಿನ ಮೂವತ್ತಮೂರನೇ ದಿನ: ಬೂದು ಪ್ಯಾಂಟು, ಬಲತೊಡೆ ಅರ್ಧ ಇಂಚು ಸಡಿಲ, ಬಿಗಿ ಎಂದರು. ನಲವತ್ತೊಂದನೇ ದಿನ: ಅದೇ ಪ್ಯಾಂಟು, ಬಲತೊಡೆ ಇನ್ನೂ ಕಾಲು ಇಂಚು.

ಬಿಗಿ ಎಂದು ಗಿರಾಕಿ ಹೇಳಿದರೆ ದರ್ಜಿ ಬಟ್ಟೆ ಬಿಚ್ಚುತ್ತಾಳೆ. ಒಳಗೆ ಬಿಟ್ಟ ಅಂಚಿನಿಂದ ಅರ್ಧ ಇಂಚು ಹೊರಗೆ ತೆಗೆದು ಮತ್ತೆ ಹೊಲಿಯುತ್ತಾಳೆ. ಮೈ ಯಾಕೆ ಬದಲಾಯಿತು ಎಂದು ಕೇಳುವುದು ಅವಳ ಕಸುಬಲ್ಲ. ಕೇಳಿದರೆ ಗಿರಾಕಿ ಮುಖ ಊದಿಸಿಕೊಳ್ಳುತ್ತಾರೆ. ಆದರೆ ಯಾರೂ ಒಂದೇ ತೊಡೆಯಲ್ಲಿ ದಪ್ಪಗಾಗುವುದಿಲ್ಲ. ಅಷ್ಟು ಹೊಳೆಯಲಿಲ್ಲವಲ್ಲ ತನಗೆ!

ಆಸ್ಪತ್ರೆ ಕೊಟ್ಟಿದ್ದ ನಂಬರಿಗೆ ಫೋನು ಮಾಡಿದಳು. ಆ ಹುಡುಗಿಯ ದನಿ ಅವಳಿಗೆ ಪರಿಚಯ. ಏಳನೇ ದಿನ, ಹದಿನೈದನೇ ದಿನ, ಮೂವತ್ತನೇ ದಿನ ತಾನಾಗಿ ಕರೆ ಮಾಡಿ ಪ್ರಶ್ನೆ ಓದಿದವಳು ಅವಳೇ.

“ಮೇಡಂ, ನಿಮ್ಮ ಮೂವತ್ತು ದಿನದ ಫಾರಂ ಕ್ಲೋಸ್ ಆಗಿದೆ.”

“ಫಾರಂ ಕ್ಲೋಸ್ ಆಗಿರಬಹುದಮ್ಮ. ತೊಡೆ ದಪ್ಪ ಆಗ್ತಾ ಇದೆ.”

“ನೆಕ್ಸ್ಟ್ ಅಪಾಯಿಂಟ್‌ಮೆಂಟು ಒಂದು ವರ್ಷಕ್ಕಿದೆ ಮೇಡಂ. ಕಾಲು ನೋವಿದ್ರೆ ಮೂಳೆ ವಿಭಾಗಕ್ಕೆ ಹಾಕಿಕೊಡ್ಲಾ? ಮುಂದಿನ ಬುಧವಾರ ಖಾಲಿ ಇದೆ.”

“ಬುಧವಾರ ನೀನೇ ಹೋಗಿ ತೋರಿಸ್ಕೋ,” ಎಂದು ಫೋನಿಟ್ಟಳು. ಆಮೇಲೆ ಆ ಮಾತಿಗೆ ಬೇಜಾರಾಯಿತು. ಪಾಪ, ಮುಂದಿಟ್ಟ ಕಾಗದ ಓದುವ ಹುಡುಗಿ. ಕಾಗದದಲ್ಲಿ ಮೂವತ್ತೊಂದನೇ ದಿನವೇ ಇಲ್ಲದಿದ್ದರೆ ಅವಳಾದರೂ ಏನು ಮಾಡಿಯಾಳು?

ಗಂಡ ಲಾರಿಯ ಜೊತೆ ಊರಾಚೆ ಇದ್ದ, ಬರುವುದಕ್ಕೆ ಇನ್ನೂ ಎರಡು ದಿನ. ಅವಳು ಅಂಗಡಿಯ ಬಾಗಿಲೆಳೆದಳು. ಚಪ್ಪಲಿ ಅಂಗಡಿಯವನಿಗೆ ಬೀಗದ ಕೈ ಕೊಟ್ಟು, ಅಳತೆ ಪುಸ್ತಕವನ್ನೂ ಹೊಸ ಟೇಪನ್ನೂ ಚೀಲಕ್ಕೆ ಹಾಕಿ, ಮಾವನನ್ನು ಆಟೋದಲ್ಲಿ ಕೂರಿಸಿದಳು.

“ಪುಸ್ತಕ ಯಾಕೆ? ಡಾಕ್ಟರಿಗೆ ಪ್ಯಾಂಟು ಹೊಲೀತೀಯಾ?”

“ಬೇಕಾದ್ರೆ ಅದನ್ನೂ ಹೊಲೀತೀನಿ.”

ಆಸ್ಪತ್ರೆಯ ಕೆಳಮಹಡಿಯಲ್ಲಿ, ಲಿಫ್ಟಿನ ಪಕ್ಕ, ಗಾಜಿನ ಚೌಕಟ್ಟಿನೊಳಗೆ ಒಂದು ಬೋರ್ಡಿತ್ತು. ಅಂಕಿಗಳನ್ನು ಬೇಕಾದಾಗ ಕಿತ್ತು ಬದಲಿಸುವಂಥದ್ದು. ಕಾಲಿನ ಮೂಲಕ ಹೃದಯದ ಕವಾಟ ಜೋಡಣೆ. ಈವರೆಗೆ: 112. ತೊಡೆಸಂದಿನ ತೊಂದರೆ: 0. ಎರಡು ತಿಂಗಳ ಹಿಂದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅವಳು ಹಿಂದೆ ಮುಂದೆ ನೋಡಿದಾಗ ದೊಡ್ಡ ಡಾಕ್ಟರು ಇಲ್ಲಿಗೇ ಕರೆತಂದು ಆ ಸೊನ್ನೆಯನ್ನು ಬೆರಳಿಟ್ಟು ತೋರಿಸಿದ್ದರು. ಆ ಸೊನ್ನೆ ನೋಡಿಯೇ ಅವಳು ಸಹಿ ಹಾಕಿದ್ದು.

ಕೌಂಟರಿನಲ್ಲಿ ಕಾದದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ಕೊನೆಗೆ ಕಿರಿಯ ಡಾಕ್ಟರರ ಕೋಣೆಗೆ ಬಿಟ್ಟರು. ಆತ ಮಾವನ ಎದೆಗೆ ಸ್ಟೆತಸ್ಕೋಪು ಇಟ್ಟ. ಬೆನ್ನಿಗೆ ಇಟ್ಟ. ಕಂಪ್ಯೂಟರಿನಲ್ಲಿ ಮೂವತ್ತನೇ ದಿನ ತೆಗೆದ ಹೃದಯದ ಚಿತ್ರ ತೆರೆದು, ತಾನೇ ಮಾಡಿದ ಚಿತ್ತಾರ ಎಂಬಂತೆ ನೋಡಿ ನಕ್ಕ.

“ವಾಲ್ವ್ ಸೂಪರಾಗಿದೆ ಅಜ್ಜ. ಇನ್ನೂ ಹದಿನೈದು ವರ್ಷ ಚಿಂತೆ ಇಲ್ಲ.”

“ವಾಲ್ವಿನ ಬಗ್ಗೆ ನಾವು ದೂರು ಹೇಳ್ಲಿಲ್ಲ ಡಾಕ್ಟ್ರೇ,” ಎಂದಳು ಸೊಸೆ. “ತೊಡೆ ನೋಡಿ.”

“ಗಾಯ ಒಣಗಿದೆ ಅಂತ ಎಂಟ್ರಿ ಇದೆಯಲ್ಲ.”

“ಅದು ಹದಿನೇಳು ದಿನದ ಹಿಂದಿಂದು.”

“ಈ ವಯಸ್ಸಲ್ಲಿ ನಡೆಯೋದು ಜಾಸ್ತಿಯಾದ್ರೆ ಸ್ವಲ್ಪ ಊತ ಬರುತ್ತೆ. ಪ್ಯಾಂಟು ಸಡಿಲ ಹಾಕ್ಕೊಳ್ಳಿ.”

ಸೊಸೆಗೆ ಮೈ ಉರಿದುಹೋಯಿತು. ಇದೇ ಮಾತನ್ನು ತಾನು ಬಾಯಿ ಬಿಟ್ಟು ಹೇಳದೆ, ಸೂಜಿ ದಾರದಲ್ಲಿ ಎರಡು ಸಲ ಹೇಳಿದ್ದೆ ಎಂಬುದು ಆ ಉರಿಗೆ ಎಣ್ಣೆಯಾಯಿತು.

“ಸಡಿಲ ಮಾಡಿ ಆಯ್ತು. ಮುಕ್ಕಾಲು ಇಂಚು. ಇನ್ನು ಬಿಚ್ಚೋಕೆ ಒಳಗೆ ಬಟ್ಟೆ ಇಲ್ಲ,” ಎಂದವಳೇ ಚೀಲದಿಂದ ಟೇಪು ತೆಗೆದು ಆತನ ಮುಂದೆ ಹಿಡಿದಳು. “ನೀವೇ ಅಳೀರಿ.”

“ಅಮ್ಮಾ, ಹೊರಗಡೆ ಇನ್ನೂ ಇಪ್ಪತ್ತೆರಡು ಜನ ಇದಾರೆ.”

“ಇಪ್ಪತ್ಮೂರನೆಯವರು ಇಲ್ಲೇ ಇದಾರೆ. ಅಳೀರಿ.”

ಮಾವ ಮಧ್ಯೆ ಬಾಯಿ ಹಾಕಿದರು. “ಅಳೆದುಬಿಡಪ್ಪ. ಇವಳು ಹಟ ಹಿಡಿದ್ರೆ ನಿನ್ನ ಕತ್ತಿನ ಅಳತೆಯನ್ನೂ ತಗೊಂಡೇ ಹೋಗೋದು.”

ಆತ ಮಾವನನ್ನು ಪರದೆಯ ಹಿಂದೆ ಮಂಚದ ಮೇಲೆ ಮಲಗಿಸಿಕೊಂಡ. ಸೊಸೆ ಈಚೆ ನಿಂತಳು. ಟೇಪು ಸರಿಯುವ ಸದ್ದು ಕೇಳಿಸಿತು. “ಎರಡೂ ಕಡೆ ಮಂಡಿ ಚಿಪ್ಪಿನಿಂದ ಒಂದೇ ಎತ್ತರಕ್ಕೆ ಹಿಡೀರಿ,” ಎಂದು ಪರದೆಯ ಈಚೆಯಿಂದಲೇ ಹೇಳಿದಳು. “ಟೇಪಿನ ತಗಡಿನ ತುದಿ ಕೆಳಗಿರ್ಲಿ.” ಟೇಪು ಇನ್ನೊಂದು ಸಲ ಸರಿಯಿತು. ಆಮೇಲೆ ಆತ ಸಣ್ಣ ದನಿಯಲ್ಲಿ, “ನಾಲ್ಕೂವರೆ ಸೆಂಟಿಮೀಟರು,” ಎಂದ.

“ಒಂದೂಮುಕ್ಕಾಲು ಇಂಚು,” ಎಂದಳು ಸೊಸೆ. “ಈಗ ಅಲ್ಲಿ ಕಿವಿ ಕೊಟ್ಟು ಕೇಳಿ.”

ಆತ ತೊಡೆಸಂದಿಗೆ ಸ್ಟೆತಸ್ಕೋಪು ಇಟ್ಟಿರಬೇಕು. ಪರದೆ ಸರಿಸಿ ಹೊರಗೆ ಬಂದಾಗ ಮುಖದಲ್ಲಿದ್ದ ನಗು ಎಲ್ಲೋ ಹೋಗಿತ್ತು. “ಅಜ್ಜ, ಏಳಬೇಡಿ. ಹಾಗೇ ಮಲಗಿರಿ,” ಎಂದು ಫೋನೆತ್ತಿದ. ಒಂಬತ್ತೂವರೆಯಿಂದ ಹೇಳಿದರೂ ಅಲುಗದ ಆಸ್ಪತ್ರೆ ಈಗ ಮಂಚದ ಸಮೇತ ಓಡತೊಡಗಿತು.

ಸ್ಕ್ಯಾನಿಂಗ್ ಕೋಣೆಯ ಹೆಂಗಸು ಹೆಚ್ಚು ಮಾತಿನವಳಲ್ಲ. ತಣ್ಣನೆಯ ಜೆಲ್ ಹಚ್ಚಿ, ಉಪಕರಣ ಒತ್ತಿ, ಕಂಪ್ಯೂಟರಿನ ಪರದೆಯನ್ನು ಸೊಸೆಯ ಕಡೆ ತಿರುಗಿಸಿದಳು. ರಕ್ತನಾಳದ ಪಕ್ಕದಲ್ಲಿ ಒಂದು ಚೀಲ. ಅದರೊಳಗೆ ಕೆಂಪು ನೀಲಿ ಬಣ್ಣ ಸುಳಿಯಂತೆ ತಿರುಗುತ್ತಿತ್ತು.

“ನಾಳದ ಗೋಡೆ ಬಿಟ್ಕೊಂಡಿದೆ. ಹೊರಗೆ ಬಂದ ರಕ್ತ ಇಲ್ಲಿ ಚೀಲ ಕಟ್ಕೊಂಡಿದೆ. ಪ್ರತಿ ಬಡಿತಕ್ಕೂ ತುಂಬ್ತಾ ಇದೆ.”

“ಎಷ್ಟು ದಿನದ್ದು?”

“ಇವತ್ತು ನಿನ್ನೆಯದಲ್ಲ. ವಾರಗಳದ್ದು.” ಜೆಲ್ ಒರೆಸುತ್ತ ಆ ಹೆಂಗಸು ತಾನಾಗಿಯೇ ಹೇಳಿದಳು, “ಮೂವತ್ತನೇ ದಿನ ಎದೆಗೆ ಮಾತ್ರ ಬರೆದು ಕಳಿಸ್ತಾರೆ ಅಕ್ಕ. ತೊಡೆಗೆ ಬರೆಯಲ್ಲ. ಬರೆದಿದ್ರೆ ಎರಡು ನಿಮಿಷದ ಕೆಲಸ.”

ಎರಡು ನಿಮಿಷ!

ಚೀಲ ಸಣ್ಣದಿದ್ದು, ಅದರ ಬಾಯಿ ಕಿರಿದಾಗಿದ್ದರೆ ಸೂಜಿಮದ್ದಿನಲ್ಲಿ ಹೆಪ್ಪುಗಟ್ಟಿಸಬಹುದಿತ್ತಂತೆ. ಇದು ದೊಡ್ಡದು, ಬಾಯಿ ಅಗಲ, ಮೇಲಿನ ಚರ್ಮ ತೆಳ್ಳಗಾಗಿ ಕೆಂಪೇರಿತ್ತು. ಮಧ್ಯಾಹ್ನ ಎರಡೂಕಾಲಿಗೆ ರಕ್ತನಾಳದ ಸರ್ಜನ್ ಮಾವನನ್ನು ಒಳಗೆ ಕರೆದುಕೊಂಡರು. ಹೋಗುವಾಗ ಮಾವ ಸೊಸೆಯ ಕೈಗೆ ತಮ್ಮ ಕನ್ನಡಕ ಕೊಟ್ಟು, “ಡಾಕ್ಟರರ ಮನೆ ಕೋಟು ಗುರುವಾರಕ್ಕೆ ಕೊಡ್ಬೇಕು, ಗುಂಡಿ ಮೂರು ಬಾಕಿ ಇದೆ,” ಎಂದರು. ಅದು ಬೇರೆ ಡಾಕ್ಟರು, ಹಲ್ಲಿನವರು.

ನಾಲ್ಕೂಮುಕ್ಕಾಲಿಗೆ ಸರ್ಜನ್ ಹೊರಗೆ ಬಂದರು. ಹೆಂಗಸು, ಐವತ್ತರ ಆಸುಪಾಸು, ನೇರ ಮಾತು.

“ನಾಳ ಸರಿ ಮಾಡಿದ್ದೀವಿ. ಕಾಲಿಗೆ ರಕ್ತ ಹೋಗ್ತಿದೆ. ಇನ್ನು ಎರಡು ಮೂರು ದಿನ ಬಿಟ್ಟಿದ್ರೆ ಚರ್ಮ ಒಡೀತಿತ್ತು. ಮನೆಯಲ್ಲಿ ಒಡೆದಿದ್ರೆ ಆಂಬುಲೆನ್ಸ್ ಬರೋವರೆಗೂ ಉಳೀತಿರ್ಲಿಲ್ಲ.”

“ಯಾಕೆ ಬಿಟ್ಕೊಳ್ತು?”

“ಕೊಳವೆ ತೆಗೆದ ಮೇಲೆ ಆ ತೂತನ್ನು ಎರಡು ದಾರ ಹಾಕಿ ಮುಚ್ತಾರೆ. ಕತ್ತರಿಸಿ ಬಿಡಿಸಿ ಅಲ್ಲ, ಚರ್ಮದ ಹೊರಗಿಂದಲೇ, ಒಂದು ಸಾಧನದಲ್ಲಿ. ಅದರಲ್ಲೊಂದು ದಾರ ಗೋಡೆಯನ್ನೇ ಕುಯ್ದುಬಿಟ್ಟಿದೆ. ಇವರ ನಾಳದಲ್ಲೂ ಸುಣ್ಣ ಕಟ್ಟಿದೆ, ನೋಡಿ.”

ಸೊಸೆಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಳೇ ಬಟ್ಟೆಗೆ ಗಟ್ಟಿ ದಾರ ಹಾಕಿದರೆ ದಾರ ಹರಿಯುವುದಿಲ್ಲ, ಬಟ್ಟೆ ಹರಿಯುತ್ತದೆ. ಹೊಲಿದ ದಿನ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಹರಿಯುವುದು ತೊಟ್ಟು, ಕೂತು, ಎದ್ದು, ನಡೆದ ಮೇಲೆ. ಅದಕ್ಕೇ ಇಂಥ ಬಟ್ಟೆ ಕೊಟ್ಟು ಕಳಿಸುವಾಗ ತಿಂಗಳು ಬಿಟ್ಟು ಒಮ್ಮೆ ತಂದು ತೋರಿಸಿ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಒಂದು ಪ್ಯಾಂಟಿಗೆ ಇರುವ ಕಾಳಜಿ ಇದು.

ಆರನೇ ದಿನ ಬಿಡುಗಡೆ. ನರ್ಸು ತಂದುಕೊಟ್ಟ ಕಾಗದವನ್ನು ಸೊಸೆ ನಿಂತಲ್ಲೇ ಎರಡು ಸಲ ಓದಿದಳು. ಬಲ ತೊಡೆಸಂದಿನಲ್ಲಿ ಊತ, ಶಸ್ತ್ರಚಿಕಿತ್ಸೆ, ಚೇತರಿಕೆ ತೃಪ್ತಿಕರ. ಕವಾಟದ ಮಾತು ಬೇರೆ ಸಾಲಿನಲ್ಲಿತ್ತು: ಹಿಂದೆ ಕವಾಟ ಜೋಡಣೆಯಾಗಿದೆ, ಉತ್ತಮವಾಗಿ ಕೆಲಸ ಮಾಡುತ್ತಿದೆ. ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತನವೇ ಇಲ್ಲದ ಹಾಗೆ. ಊತ ದಾರಿಯಲ್ಲಿ ಹೋಗುತ್ತಿದ್ದುದು ಬಂದು ಮಾವನ ತೊಡೆಯಲ್ಲಿ ಕೂತಂತೆ.

ಅವಳು ನೆಟ್ಟಗೆ ದೊಡ್ಡ ಡಾಕ್ಟರರ ಕೋಣೆಗೆ ಹೋದಳು. ಹಿಂದಿನಿಂದ, “ಮೆಲ್ಲಗೆ ಮಾತಾಡು, ಹೊಲಿಗೆ ಇನ್ನೂ ಹಸಿ,” ಎಂದು ಗಾಲಿಕುರ್ಚಿಯಿಂದ ಮಾವ ಕೂಗಿದರು.

“ಇದರಲ್ಲಿ ಒಂದು ವಾಕ್ಯ ಕಡಿಮೆ ಇದೆ ಡಾಕ್ಟ್ರೇ.”

ದೊಡ್ಡ ಡಾಕ್ಟರು ಕಾಗದ ನೋಡಿದರು. ಒರಟರಲ್ಲ, ಕೂರಲು ಹೇಳಿದರು. ಅವಳು ಕೂರಲಿಲ್ಲ.

“ಈ ಗಾಯ ಎಲ್ಲಿಂದ ಬಂತು?” ಎಂದು ಕೇಳಿದಳು.

“ಕೊಳವೆ ಹಾಕಿದ ಜಾಗದಿಂದಲೇ. ಅದನ್ನ ನಾನು ಅಲ್ಲ ಅನ್ನಲ್ಲ.”

“ಹಾಗಾದ್ರೆ ಬರೀರಿ. ಕೆಳಗಡೆ ಬೋರ್ಡಿನ ಸೊನ್ನೆಯನ್ನೂ ತೆಗೀರಿ.”

“ನೋಡಮ್ಮ, ಆ ಲೆಕ್ಕಕ್ಕೆ ಒಂದು ನಿಯಮ ಇದೆ. ಮೂವತ್ತು ದಿನದೊಳಗೆ ಆಗಿದ್ದನ್ನ ಮಾತ್ರ ಹಿಡೀತೀವಿ. ನಿಮ್ಮ ಮಾವನಿಗೆ ಗೊತ್ತಾಗಿದ್ದು ನಲವತ್ತೇಳಕ್ಕೆ. ಅದು ಸುಳ್ಳಲ್ಲ, ನಿಯಮ.”

“ಯಾವಾಗ ಗೊತ್ತಾಯ್ತು ಅನ್ನೋದು ಯಾವಾಗ ನೋಡಿದ್ರಿ ಅನ್ನೋದರ ಮೇಲಲ್ವಾ? ಮೂವತ್ತಕ್ಕೆ ನೀವು ತೊಡೆ ನೋಡ್ಲೇ ಇಲ್ಲ. ಮೂವತ್ತೊಂದರಿಂದ ಲೆಕ್ಕವೇ ಇಲ್ಲ. ಹಾಗೆ ಮಾಡಿದ್ರೆ ನನ್ನ ಅಂಗಡಿಯಲ್ಲೂ ಸೊನ್ನೆಯೇ. ಇಡೀ ಊರಲ್ಲಿ ನನ್ನಂಥ ದರ್ಜಿ ಇಲ್ಲ!”

ಅವಳು ಅಳತೆ ಪುಸ್ತಕ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. “ಇಲ್ಲಿ ಓದಿ. ಮೂವತ್ತಮೂರನೇ ದಿನಕ್ಕೇ ಬಿಗಿ. ನಿಮ್ಮ ಫಾರಂ ಮುಚ್ಚಿ ಮೂರು ದಿನ.”

ಡಾಕ್ಟರು ಕನ್ನಡಕ ಏರಿಸಿ ಓದಿದರು. ನಿಧಾನವಾಗಿ, ಎರಡೂ ಸಾಲು. ಆಮೇಲೆ ತಲೆಯೆತ್ತಿ, ಸಿಟ್ಟಿಲ್ಲದ ದನಿಯಲ್ಲೇ ಹೇಳಿದರು, “ಮೂವತ್ತಮೂರಕ್ಕೆ ನೀವೂ ನೋಡಿದ್ರಿ ಅಲ್ವಾ? ಅರ್ಧ ಇಂಚು ಬಿಚ್ಚಿ ಕೊಟ್ರಿ. ನಲವತ್ತೊಂದಕ್ಕೆ ಮತ್ತೆ ಕಾಲು. ಆಗ ಬಂದಿದ್ರೆ ಸೂಜಿಯಲ್ಲೇ ಮುಗೀತಿತ್ತು.”

ಆರು ರಾತ್ರಿ ವಾರ್ಡಿನ ಬೆಂಚಿನ ಮೇಲೆ ಅವಳು ತನಗೆ ತಾನೇ ಹೇಳಿಕೊಂಡದ್ದು ಇದನ್ನೇ. ಬೇರೆಯವರ ಬಾಯಲ್ಲಿ ಕೇಳಿದ್ದು ಈಗ.

ಅವಳು ಚೀಲದ ತಳಕ್ಕೆ ಕೈ ಹಾಕಿ, ಬಟ್ಟೆ ಗುರುತು ಮಾಡುವ ಸೀಮೆಸುಣ್ಣ, ಗುಂಡುಪಿನ್ನಿನ ಡಬ್ಬಿ ಎಲ್ಲ ಸರಿಸಿ, ಕೆಂಪು ಪೆನ್ಸಿಲಿನ ಮೋಟು ಹುಡುಕಿ ತೆಗೆದಳು. ಮೂವತ್ತಮೂರನೇ ದಿನದ ಸಾಲಿನ ಪಕ್ಕದಲ್ಲಿ ‘ನಮ್ಮದು’ ಎಂದು ಬರೆದಳು. ನಲವತ್ತೊಂದರ ಪಕ್ಕದಲ್ಲೂ ಬರೆದಳು. ಪೆನ್ಸಿಲನ್ನು ಡಾಕ್ಟರರ ಕಡೆ ಚಾಚಿದಳು.

“ನನ್ನ ತಪ್ಪು ನಾನು ಬರೆದೆ. ನನಗೆ ಕಲಿಸಿದವರು ಹೊರಗೆ ಕೂತಿದಾರೆ. ಈಗ ನೀವು ಬರೀರಿ.”

ಡಾಕ್ಟರು ಪೆನ್ಸಿಲು ತೆಗೆದುಕೊಳ್ಳಲಿಲ್ಲ. ಪುಸ್ತಕದ ಹಿಂದಿನ ಹಾಳೆ ಮಗುಚಿದರು, ಅದರ ಹಿಂದಿನದನ್ನೂ, ಅಲ್ಲಲ್ಲಿ ಕೆಂಪು. ಆಮೇಲೆ ಜೇಬಿನಿಂದ ತಮ್ಮ ಪೆನ್ನು ತೆಗೆದು ಬಿಡುಗಡೆ ಕಾಗದದಲ್ಲಿ ಬರೆದರು: ಊತವು ಕವಾಟ ಜೋಡಣೆಗೆಂದು ರಕ್ತನಾಳದಲ್ಲಿ ಮಾಡಿದ ತೂತಿನಿಂದ ತಡವಾಗಿ ಉಂಟಾದ ತೊಂದರೆ. ಸಹಿ ಹಾಕಿ, ತಾರೀಖು ಬರೆದು, ಮುದ್ರೆ ಒತ್ತಿದರು.

“ಬೋರ್ಡು?”

“ಬೋರ್ಡು ಆಫೀಸಿನವರದ್ದು. ತಿಂಗಳ ಒಂದನೇ ತಾರೀಖು ಬದಲಿಸ್ತಾರೆ. ಹೇಳ್ತೀನಿ.”

“ಹೇಳಿ. ನಾನೂ ಬಂದು ನೋಡ್ತೀನಿ.”

ಹೊರಗೆ ಮಾವ ಪುಸ್ತಕ ಇಸಿದುಕೊಂಡು, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಕೆಂಪು ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದರು.

“ಎರಡು ಸಲ ಬರೆದಿದೀಯಾ.”

“ಎರಡು ಸಲ ಬಿಚ್ಚಿದೆ ಮಾವ.”

“ಬಿಗಿ ಅಂತ ಮಾತ್ರ ಹೇಳಿದ್ದು ನಾನು. ಬಡೀತಿದೆ ಅಂತ ಹೇಳ್ಲಿಲ್ಲ. ಮತ್ತೆ ಅಲ್ಲಿ ಮಲಗಿಸ್ತಾರೆ ಅನ್ನೋ ಹೆದರಿಕೆ,” ಎಂದರು ಮಾವ. “ಮೂರನೇದು ನನ್ನ ಲೆಕ್ಕಕ್ಕೆ ಬರ್ಕೋ. ಪೆನ್ಸಿಲು ಇನ್ನೂ ಇದ್ಯಾ?”

ಇತ್ತು. ಮಾವ ತಾವೇ ಬರೆದರು, ಓರೆಯಾಗಿ.

ಹೊಲಿಗೆ ತೆಗೆಸಲು ಕರೆದದ್ದು ತಿಂಗಳ ಒಂದನೇ ತಾರೀಖಿಗೇ. ಬೆಳಿಗ್ಗೆ ಹನ್ನೊಂದಕ್ಕೆ ಕೆಲಸ ಮುಗಿಯಿತು. ಎರಡೂ ತೊಡೆಯ ವ್ಯತ್ಯಾಸ ಈಗ ಕಾಲು ಇಂಚಿನೊಳಗಿತ್ತು, ಸೊಸೆ ಮನೆಯಲ್ಲೇ ಅಳೆದಿದ್ದಳು. ಮಾವ ಕೋಲೂರಿಕೊಂಡು ಲಿಫ್ಟಿನವರೆಗೆ ನಡೆದು ಬಂದರು. ಗಾಜಿನ ಚೌಕಟ್ಟಿನ ಮುಂದೆ ಇಬ್ಬರೂ ನಿಂತರು.

ಕವಾಟಗಳು 119 ಆಗಿದ್ದವು. ತೊಡೆಸಂದಿನ ತೊಂದರೆ ಸೊನ್ನೆಯೇ ಇತ್ತು. ಅದರ ಕೆಳಗೆ, ಹಿಂದಿನ ತಿಂಗಳು ಇಲ್ಲದಿದ್ದ ಸಣ್ಣ ಅಕ್ಷರದಲ್ಲಿ, ‘ಮೂವತ್ತು ದಿನದವರೆಗೆ’ ಎಂದು ಸೇರಿಸಿದ್ದರು.